ಎಬಿಎಸ್ ಬೇಡ ಎಂದ ಮಾಸ್ಟ್ರು

ಮಾಸ್ಟ್ರ ಎಡಗಾಲಿನ ಶೂವಿನ ಮೇಲೆ, ಹೆಬ್ಬೆರಳು ಬರುವ ಜಾಗದಲ್ಲಿ, ಸೈಕಲ್ ಟ್ಯೂಬಿನ ಒಂದು ತುಂಡು ಅಂಟಿಸಿರುತ್ತಿತ್ತು. ಬೈಕಿನ ಗೇರು ಎತ್ತುವಾಗ ಲಿವರ್ ತಾಗಿ ತಾಗಿ ಚರ್ಮ ಸವೆಯಬಾರದೆಂದು ಅವರೇ ಮಾಡಿಕೊಂಡ ಉಪಾಯ ಅದು. ಶೂ ಹೊಸತು ಬಂದರೆ ಅದಕ್ಕೂ ಒಂದು ಕಪ್ಪು ತುಂಡು ಬರುತ್ತಿತ್ತು. ಪುತ್ತೂರಿನಲ್ಲಿ ಪಿಯುಸಿ ಓದುವಾಗ ನಾನು ಮೊದಲ ಬೆಂಚಿನವಳು. ಅವರು ವೇದಿಕೆಯ ಅಂಚಿಗೆ ಬಂದು ನಿಂತರೆ ನನ್ನ ಕಣ್ಣಿಗೆ ಮೊದಲು ಬೀಳುತ್ತಿದ್ದದ್ದು ಆ ಶೂ.

ನಮಗೆ ಭೌತಶಾಸ್ತ್ರ ಕಲಿಸಿದವರು ಅವರು. ಸವಣೂರಿನಿಂದ ದಿನಾ ಬೈಕಿನಲ್ಲಿ ಬರುತ್ತಿದ್ದರು. ನನ್ನ ತವರೂ ಸವಣೂರಿನ ಹತ್ತಿರವೇ. ಬೆಳಗ್ಗೆ ಬಸ್ಸಿಗೆ ಕಾಯುತ್ತಿರುವಾಗ ನನ್ನ ಎದುರೇ ಹಾದುಹೋಗುತ್ತಿದ್ದರು, ತಲೆಯಾಡಿಸುತ್ತಿದ್ದರು, ನಿಲ್ಲಿಸುತ್ತಿರಲಿಲ್ಲ. ಒಮ್ಮೆ ಬಸ್ಸು ತಪ್ಪಿ ಪರೀಕ್ಷೆಗೆ ಹೊತ್ತಾಗಿ ನಾನೇ ಕೈ ಅಡ್ಡ ಹಿಡಿದೆ. ನಿಲ್ಲಿಸಿದರು. "ನನ್ನ ಹತ್ತಿರ ಹೆಲ್ಮೆಟ್ ಒಂದೇ ಇರುದು" ಎಂದು ಹೇಳಿ, ಹಿಂದಿನಿಂದ ಬರುತ್ತಿದ್ದ ಒಂದು ಜೀಪನ್ನು ತಡೆದು ನನ್ನನ್ನು ಅದಕ್ಕೆ ಹತ್ತಿಸಿ, ತಾವು ಆ ಜೀಪಿನ ಹಿಂದೆಯೇ ಬಂದರು. ಪರೀಕ್ಷಾ ಕೊಠಡಿಯ ಬಾಗಿಲವರೆಗೂ ಬಂದರು.

ಅವರ ಇನ್ನೊಂದು ಅಭ್ಯಾಸವನ್ನು ಹೇಳಲೇಬೇಕು. ಕೇಳಿದ ಪ್ರಶ್ನೆಗೆ ಉತ್ತರ ಗೊತ್ತಿಲ್ಲದಿದ್ದರೆ "ಗೊತ್ತಿಲ್ಲ, ನೋಡಿ ಹೇಳ್ತೇನೆ" ಎನ್ನುತ್ತಿದ್ದರು. ಹಾಗೆ ಹೇಳಿ ಬೋರ್ಡಿನ ಬಲಮೂಲೆಯಲ್ಲಿ ಪ್ರಶ್ನೆಯನ್ನು ಬರೆದು ಸುತ್ತ ಗೆರೆ ಎಳೆಯುತ್ತಿದ್ದರು. ಉತ್ತರ ಸಿಗುವವರೆಗೆ ಅದನ್ನು ಯಾರೂ ಅಳಿಸುವ ಹಾಗಿರಲಿಲ್ಲ. ಬೇರೆ ವಿಷಯದ ಅಧ್ಯಾಪಕರೂ ಆ ಮೂಲೆಯನ್ನು ಬಿಟ್ಟು ಬರೆಯುತ್ತಿದ್ದರು.

ಘರ್ಷಣೆಯ ಪಾಠ ಮಾಡಿದ ದಿನ ಅವರು ನಮ್ಮ ಬೆಂಚನ್ನು, ನಾವು ಕೂತ ಹಾಗೆಯೇ, ಗೋಡೆಯ ಕಡೆಗೆ ದೂಡಿದರು. ಮೊದಲು ಅದು ಅಲುಗಲೇ ಇಲ್ಲ. ಮತ್ತೆ ಒಮ್ಮೆಲೇ ಸರಿಯಿತು. ಒಮ್ಮೆ ಸರಿದದ್ದು ಸಲೀಸಾಗಿ ಹೋಗತೊಡಗಿತು. "ಗೊತ್ತಾಯ್ತಾ? ಜಾರದೆ ಇರುವ ತನಕ ನೆಲ ಬಿಗಿಯಾಗಿ ಹಿಡ್ಕೊಂಡಿರ್ತದೆ. ಜಾರಲಿಕ್ಕೆ ಶುರುವಾಯ್ತು ಅಂದ್ರೆ ಹಿಡಿತ ಕಮ್ಮಿ. ಹಾಗಾಗಿ ಬ್ರೇಕ್ ಹಾಕುವಾಗ ಚಕ್ರ ತಿರುಗ್ತಾ ಇರ್ಬೇಕು. ಕಚ್ಚಿ ನಿಂತ ಚಕ್ರ ನಿಮ್ಮ ಮಾತು ಕೇಳುದಿಲ್ಲ." ನಾವು ನಕ್ಕೆವು. ಆ ತರಗತಿಯಲ್ಲಿ ಬೈಕು ಓಡಿಸಲು ಬರುವವರು ಮೂರೋ ನಾಲ್ಕೋ ಹುಡುಗರಿದ್ದರು, ಅಷ್ಟೆ.

ನನ್ನ ಗಂಡ ಅವರ ಇನ್ನೊಬ್ಬ ಶಿಷ್ಯ. ನನಗಿಂತ ಮೂರು ವರ್ಷ ಮೊದಲು ಅದೇ ಕಾಲೇಜಿನಲ್ಲಿ ಓದಿದವರು. ಮನೆ ಕಲ್ಲುಗುಂಡಿ. ನೀರಿನ ಪಂಪು ರಿಪೇರಿ ಅವರ ಉದ್ಯೋಗ. ಸಂಪಾಜೆಯಿಂದ ಕಡಬದವರೆಗೆ ಯಾರ ತೋಟದಲ್ಲಿ ಮೋಟಾರು ಸುಟ್ಟರೂ ಇವರಿಗೆ ಫೋನು ಬರುತ್ತಿತ್ತು. ಸಾಮಾನಿನ ಚೀಲ ಬೆನ್ನಿಗೆ ಹಾಕಿ ಬೈಕು ಹತ್ತಿದರೆ ಮತ್ತೆ ಮನೆಗೆ ಮುಟ್ಟುವುದು ಸಂಜೆಗೆ. ಏನೇ ದೊಡ್ಡ ನಿರ್ಧಾರವಿದ್ದರೂ ಅವರು ಮಾಸ್ಟ್ರನ್ನು ಒಂದು ಮಾತು ಕೇಳುತ್ತಿದ್ದರು. ನನ್ನನ್ನು ಮದುವೆಯಾಗುವ ಮೊದಲೂ ಕೇಳಿದ್ದರಂತೆ. ಮಾಸ್ಟ್ರು "ಹುಡುಗಿ ಪ್ರಶ್ನೆ ಕೇಳ್ತಾಳೆ, ತಡ್ಕೊಳ್ಳುವ ಶಕ್ತಿ ಉಂಟಾ ನಿಂಗೆ" ಎಂದಿದ್ದರಂತೆ.

ಹಳೆಯ ಬೈಕು ಸೋತಾಗ ಹೊಸತು ತೆಗೆದುಕೊಳ್ಳುವ ಮಾತು ಬಂತು. ಆ ಕಾಲಕ್ಕೆ ಒಂದೇ ಬೈಕು ಎರಡು ನಮೂನೆಯಲ್ಲಿ ಸಿಗುತ್ತಿತ್ತು, ಎಬಿಎಸ್ ಇದ್ದದ್ದು ಮತ್ತು ಇಲ್ಲದ್ದು. ಗಾಬರಿಯಲ್ಲಿ ಬ್ರೇಕನ್ನು ಎಷ್ಟೇ ಬಿಗಿಯಾಗಿ ಹಿಡಿದರೂ ಚಕ್ರ ಕಚ್ಚಿ ನಿಲ್ಲದ ಹಾಗೆ, ತಾನೇ ಬಿಟ್ಟು ಹಿಡಿದು ಬಿಟ್ಟು ಹಿಡಿದು ಮಾಡುವ ವ್ಯವಸ್ಥೆ ಅದು. ಇದ್ದದ್ದಕ್ಕೆ ಸ್ವಲ್ಪ ಹೆಚ್ಚು ಹಣ ಕೊಡಬೇಕಿತ್ತು. ಒಂದು ಭಾನುವಾರ ನಾವಿಬ್ಬರೂ, ನಾಲ್ಕು ವರ್ಷದ ಮಗಳನ್ನೂ ಕರೆದುಕೊಂಡು, ಸವಣೂರಿಗೆ ಹೋದೆವು. ಮಾಸ್ಟ್ರ ಹೆಂಡತಿ ಮಧ್ಯಾಹ್ನದ ಊಟಕ್ಕೆ ಎಲೆ ಹಾಕುತ್ತಿದ್ದರು.

"ಸರ್, ಎಬಿಎಸ್ ಇದ್ದದ್ದು ತಗೊಳ್ಳುದಾ, ಇಲ್ಲದ್ದು ಸಾಕಾ?" ಇವರು ಕೇಳಿದರು.

ಮಾಸ್ಟ್ರು ಆ ದಿನ "ನೋಡಿ ಹೇಳ್ತೇನೆ" ಎನ್ನಲಿಲ್ಲ. ಕೇಳಿದ ಕೂಡಲೇ ಹೇಳಿದರು. "ನಿಂಗೆಂತಕ್ಕೆ ಮಾರಾಯ? ಹದಿನೈದು ವರ್ಷ ಓಡಿಸಿದ ಕೈ ನಿಂದು. ನೀನು ಹೋಗುದೆಲ್ಲ ತೋಟದ ಮಣ್ಣು ಮಾರ್ಗ. ಜಲ್ಲಿ ಮೇಲೆ ಅದು ಬಿಟ್ಟು ಹಿಡಿದು ಮಾಡುವಾಗ ಬೈಕು ನಿಲ್ಲುವ ಜಾಗದಲ್ಲಿ ನಿಲ್ಲುದಿಲ್ಲ ಅಂತ ಹೇಳ್ತಾರೆ. ಮತ್ತೆ ಅದರ ವೈರು, ಸೆನ್ಸರು ಹಾಳಾದ್ರೆ ಸುಳ್ಯದಲ್ಲಿ ಯಾರುಂಟು ಸರಿ ಮಾಡ್ಲಿಕ್ಕೆ? ಬೇಡ."

"ಇದ್ರೆ ಒಳ್ಳೆದಲ್ವಾ ಸರ್?" ನಾನು ಕೇಳಿದೆ. "ಚಕ್ರ ತಿರುಗ್ತಾ ಇರ್ಬೇಕು ಅಂತ ನೀವೇ ಪಾಠ ಮಾಡಿದ್ದು."

ಅವರು ಜೋರಾಗಿ ನಕ್ಕರು. "ನೋಡು, ಇವಳಿಗೆ ನೆನಪುಂಟು. ಅದು ಕೈಯಲ್ಲಿ ಬರ್ಬೇಕು ಮಗಾ, ಮೆಷಿನಿನಲ್ಲಿ ಅಲ್ಲ. ನಾನು ಮೂವತ್ತು ವರ್ಷ ಮಳೆಗಾಲ ಓಡಿಸಿದ್ದೇನೆ, ಒಮ್ಮೆಯೂ ಬೀಳ್ಲಿಲ್ಲ." ಊಟಕ್ಕೆ ಕರೆದರು. ಮಾತು ಅಲ್ಲಿಗೆ ಮುಗಿಯಿತು.

ಎಬಿಎಸ್ ಇಲ್ಲದ ಬೈಕು ಮನೆಗೆ ಬಂತು. ಎರಡನೆಯ ಮಳೆಗಾಲದ ಆರಂಭದಲ್ಲಿ, ಒಂದು ಮಧ್ಯಾಹ್ನ ಮೂರು ಗಂಟೆಯ ಹೊತ್ತಿಗೆ, ಇವರು ಸಂಪಾಜೆಯಲ್ಲಿ ಕೆಲಸ ಮುಗಿಸಿ ಮನೆ ಕಡೆಗೆ ಬರುತ್ತಿದ್ದರು. ಸಣ್ಣ ಮಳೆ ಬಂದು ನಿಂತಿತ್ತು. ಬಲಬದಿಯ ಮಣ್ಣು ರಸ್ತೆಯಿಂದ ಒಂದು ಗೂಡ್ಸ್ ರಿಕ್ಷಾ ಹೆದ್ದಾರಿಗೆ ಇಳಿಯಿತು. ಎದುರು ಬೈಕು ಕಂಡು ಅದರ ಚಾಲಕ ಗಾಬರಿಯಾಗಿ ಮಾರ್ಗದ ನಡುವೆ ನಿಂತುಬಿಟ್ಟ. ಇವರು ಬ್ರೇಕು ಹಿಡಿದರು. ಮುಂದಿನ ಚಕ್ರ ಕಚ್ಚಿತು. ಬೈಕು ಮಲಗಿ, ಅದರ ಜೊತೆ ಇವರೂ ಜಾರಿಕೊಂಡು ಹೋಗಿ ರಿಕ್ಷಾದ ಹಿಂದಿನ ಚಕ್ರಕ್ಕೆ ಬಡಿದರು. ತಲೆಗೆ ಏನೂ ಆಗಿರಲಿಲ್ಲ, ಹೆಲ್ಮೆಟ್ ಇತ್ತು. ಎದೆಗೆ ಪೆಟ್ಟಾಗಿತ್ತು. ಸುಳ್ಯದ ಆಸ್ಪತ್ರೆಗೆ ಮುಟ್ಟುವ ಮೊದಲೇ ಹೋದರು. ಬಿದ್ದ ಜಾಗದಿಂದ ಮನೆ ಐದು ನಿಮಿಷದ ದಾರಿ. ನಾನು ಚಹಾಕ್ಕೆ ನೀರಿಟ್ಟಿದ್ದೆ.

ಮೂರನೆಯ ದಿನ ಮಾಸ್ಟ್ರು ಬಂದರು. ಬೈಕಿನಲ್ಲಲ್ಲ, ಬಸ್ಸಿನಲ್ಲಿ. ಒಳಗೆ ಬರಲಿಲ್ಲ. ಅಂಗಳದಲ್ಲಿ ನಿಂತು, ಕೂತಿದ್ದ ನೆಂಟರೆಲ್ಲರ ಎದುರು ನನ್ನ ಅತ್ತೆಗೆ ಹೇಳಿದರು, "ಅಮ್ಮ, ಎಬಿಎಸ್ ಬೇಡ ಅಂತ ಅವನಿಗೆ ಹೇಳಿದ್ದು ನಾನು."

ಅತ್ತೆಗೆ ಆ ಶಬ್ದವೇ ಗೊತ್ತಿರಲಿಲ್ಲ. "ಅವನಿಗೆ ಅಷ್ಟೇ ಬರೆದದ್ದು ಮಾಸ್ಟ್ರೆ. ಕೂತ್ಕೊಳ್ಳಿ" ಎಂದರು.

"ಬರೆದದ್ದಲ್ಲ ಅಮ್ಮ. ನಾನು ಹೇಳಿದ್ದು. ಸರಿಯಾಗಿ ಗೊತ್ತಿಲ್ಲದೆ ಹೇಳಿದ್ದು."

ನಾನು ಬಾಗಿಲಲ್ಲಿ ನಿಂತಿದ್ದೆ. ಆಗ ನಾನು ಒಂದು ಮಾತು ಹೇಳಬಹುದಿತ್ತು. ಅವರ ಮನೆಗೆ ಹೋಗಿ ಕೇಳುವ ಎರಡು ದಿನ ಮೊದಲೇ ಇವರು ಪುತ್ತೂರಿಗೆ ಹೋಗಿ ಎಬಿಎಸ್ ಇಲ್ಲದ ಬೈಕನ್ನೇ ಬುಕ್ ಮಾಡಿ ಬಂದಿದ್ದರು. ನನಗೆ ಗೊತ್ತಿತ್ತು. "ಮತ್ತೆ ಸರ್‌ನ ಹತ್ತಿರ ಕೇಳುದೆಂತಕ್ಕೆ?" ಎಂದು ನಾನು ಕೇಳಿದ್ದಕ್ಕೆ ಇವರು, "ಅವರೂ ಹೂಂ ಅಂದ್ರೆ ನೀನು ಸುಮ್ಮನಾಗ್ತೀಯಲ್ಲ" ಎಂದು ನಕ್ಕಿದ್ದರು. ಅಂದರೆ ಆ ಪ್ರಶ್ನೆಯನ್ನು ಕೇಳಿಸಿದ್ದು, ಎಬಿಎಸ್ ಇದ್ದದ್ದೇ ಬೇಕೆಂಬ ನನ್ನ ಹಟ. ಇದನ್ನು ನಾನು ಆ ಅಂಗಳದಲ್ಲಿ ಹೇಳಲಿಲ್ಲ. ಸತ್ತವರ ಮೇಲೆ ತಪ್ಪು ಹೊರಿಸಲು ಮನಸ್ಸು ಬರಲಿಲ್ಲ ಎಂದು ಆಮೇಲೆ ನನಗೆ ನಾನೇ ಹೇಳಿಕೊಂಡೆ. ನಿಜವೆಂದರೆ, ಎದುರಿಗೆ ಒಬ್ಬರು ತಪ್ಪು ನನ್ನದು ಎಂದು ತಲೆ ತಗ್ಗಿಸಿ ನಿಂತಿದ್ದರು, ನನಗೆ ಆ ಹೊತ್ತಿಗೆ ಅಂಥ ಒಬ್ಬರು ಬೇಕಿತ್ತು.

"ಇನ್ನು ಈ ಮನೆಗೆ ಬರ್ಬೇಡಿ ಸರ್" ಎಂದೆ.

ಅವರು ಕೈ ಮುಗಿದು ಹೋದರು. ಬಸ್ಸು ಬರಲು ಇನ್ನೂ ಹೊತ್ತಿತ್ತು. ತಿರುವಿನ ಅಂಗಡಿಯ ಎದುರು ಮುಕ್ಕಾಲು ಗಂಟೆ ನಿಂತಿದ್ದದ್ದು ನನಗೆ ಕಿಟಕಿಯಿಂದ ಕಾಣುತ್ತಿತ್ತು.

ವರ್ಷ ಕಳೆದ ಮೇಲೆ ನನಗೆ ಕಡಬದ ಹತ್ತಿರ ಒಂದು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವ ಕೆಲಸ ಸಿಕ್ಕಿತು. ಮಗಳನ್ನು ಕರೆದುಕೊಂಡು ತವರಿಗೆ ಬಂದೆ. ಮಾಸ್ಟ್ರ ಮನೆ ಅಲ್ಲಿಗೆ ಒಂದೂವರೆ ಕಿಲೋಮೀಟರ್. ಅವರಿಗೆ ಅಷ್ಟರಲ್ಲಿ ನಿವೃತ್ತಿಯಾಗಿತ್ತು. ನಾನು ಆ ದಾರಿಯಲ್ಲಿ ಹೋಗುತ್ತಿರಲಿಲ್ಲ. ಅವರು ಬಸ್‌ಸ್ಟ್ಯಾಂಡಿನಲ್ಲಿ ಕಂಡರೆ ನಾನು ಆಚೆ ಮುಖ ಮಾಡುತ್ತಿದ್ದೆ. ಅವರೂ ಹತ್ತಿರ ಬರುತ್ತಿರಲಿಲ್ಲ.

ಒಂದು ಸಂಜೆ ಮಾಸ್ಟ್ರ ಹೆಂಡತಿ ನಡೆದುಕೊಂಡೇ ನಮ್ಮ ಮನೆಗೆ ಬಂದರು. ನಡುವಯಸ್ಸು ದಾಟಿದ, ಮೆಲ್ಲಗೆ ಮಾತಾಡುವ ಹೆಂಗಸು. ನೀರು ಕೊಟ್ಟರೆ ಕುಡಿಯಲಿಲ್ಲ.

"ನೀನೊಮ್ಮೆ ಬಂದು ಸಾಕು ಅಂತ ಹೇಳ್ಬೇಕು. ನನ್ನ ಮಾತು ಅವ್ರು ಕೇಳುದಿಲ್ಲ."

ಅವರು ಹೇಳಿದ್ದು ಇಷ್ಟು. ಕಲ್ಲು ತೆಗೆಯುವ ಕೆಲಸ ನಿಂತುಹೋದ ಕೋರೆಗೆ ಹೋಗುವ ಒಂದು ಟಾರು ರಸ್ತೆ ಅವರ ಮನೆಯ ಹಿಂದೆ ಉಂಟು. ವಾಹನ ಬರುವುದಿಲ್ಲ. ಮಾಸ್ಟ್ರು ಹಳೆಯ ಶಿಷ್ಯರಿಂದ ಎರಡು ಬೈಕು ಕೇಳಿ ತಂದಿದ್ದಾರೆ, ನನ್ನ ಗಂಡನದೇ ಮಾದರಿ, ಒಂದು ಎಬಿಎಸ್ ಇದ್ದದ್ದು, ಇನ್ನೊಂದು ಇಲ್ಲದ್ದು. ಭಾನುವಾರ ಬೆಳಗ್ಗೆ ರಸ್ತೆಯನ್ನು ಒದ್ದೆ ಮಾಡಿ, ನಲವತ್ತರ ವೇಗದಲ್ಲಿ ಬಂದು, ಚಾಕ್‌ಪೀಸಿನಲ್ಲಿ ಎಳೆದ ಗೆರೆ ಮುಟ್ಟಿದ ಕೂಡಲೇ ಬ್ರೇಕು ಹಿಡಿಯುತ್ತಾರೆ. ಎಲ್ಲಿ ನಿಂತಿತು ಎಂದು ಟೇಪಿನಲ್ಲಿ ಅಳೆದು ನೋಟ್‌ಬುಕ್ಕಿನಲ್ಲಿ ಬರೆಯುತ್ತಾರೆ. ಎರಡು ತಿಂಗಳಿಂದ ನಡೆಯುತ್ತಾ ಉಂಟು. ಎಬಿಎಸ್ ಇಲ್ಲದ್ದರಲ್ಲಿ ನಾಲ್ಕು ಸಲ ಬಿದ್ದಿದ್ದಾರೆ. ಈ ಸಲ ಬಲಹೆಗಲ ಮೂಳೆ ಮುರಿದಿದೆ.

"ಹುಚ್ಚು ಅಂತ ಜನ ಹೇಳ್ತಾರೆ" ಎಂದು ಹೇಳಿ, "ಮಾರ್ಗಕ್ಕೆ ಕೊಡಪಾನದಲ್ಲಿ ನೀರು ಹೊಯ್ಯುದು ನಾನೇ. ನಾನು ಹೊಯ್ಯದಿದ್ರೆ ಮಳೆ ಬರುವಾಗ ಹೋಗ್ತಾರೆ" ಎಂದರು.

ನಾನು ಅವರ ಜೊತೆಯೇ ಹೋದೆ. ಮಾಸ್ಟ್ರು ಜಗಲಿಯಲ್ಲಿ ಕೈಯನ್ನು ಬಟ್ಟೆಯಲ್ಲಿ ಕುತ್ತಿಗೆಗೆ ಕಟ್ಟಿಕೊಂಡು ಕೂತಿದ್ದರು. ನನ್ನನ್ನು ಕಂಡು ಎದ್ದು ನಿಂತರು. ಶಿಷ್ಯೆಗೆ ಎದ್ದು ನಿಲ್ಲುವ ಮಾಸ್ಟ್ರನ್ನು ನಾನು ಅದುವರೆಗೆ ನೋಡಿರಲಿಲ್ಲ.

ಸಾಕು ಎಂದು ಹೇಳಲು ಹೋದವಳು ಬೇರೆಯೇ ಕೇಳಿದೆ. "ಎಬಿಎಸ್ ಇದ್ದಿದ್ರೆ ಅವ್ರು ಉಳಿತಿದ್ರಾ ಸರ್?"

ಅವರು ನೋಟ್‌ಬುಕ್ ತೆರೆದರು. ಎಡಗೈಯಲ್ಲಿ ಬರೆದ ಸೊಟ್ಟ ಅಂಕಿಗಳು ಕೊನೆಯ ಪುಟಗಳಲ್ಲಿದ್ದವು. ಅದನ್ನು ನೋಡದೆಯೇ ಹೇಳಿದರು.

"ಗೊತ್ತಿಲ್ಲ. ಜಲ್ಲಿಯಲ್ಲಿ ಅದು ದೂರ ಹೋಗಿ ನಿಲ್ತದೆ ಅಂತ ಹೇಳಿದ್ದೆನಲ್ಲ, ಅದು ಹೌದು. ಅಳೆದು ನೋಡಿದೆ. ಆದ್ರೆ ಅವನು ಬಿದ್ದದ್ದು ಜಲ್ಲಿಯಲ್ಲಿ ಅಲ್ಲ, ಟಾರಿನಲ್ಲಿ. ಒದ್ದೆ ಟಾರಿನಲ್ಲಿ ಎಬಿಎಸ್ ಇದ್ದ ಬೈಕಿನಿಂದ ನಾನು ಒಮ್ಮೆಯೂ ಬೀಳ್ಲಿಲ್ಲ. ಬೀಳದಿದ್ರೆ ಹ್ಯಾಂಡಲ್ ತಿರುಗಿಸ್ಬಹುದು."

ಪುಸ್ತಕ ಮುಚ್ಚಿ ಮುಂದುವರಿಸಿದರು. "ಆ ರಿಕ್ಷಾದವನನ್ನು ಕರ್ಕೊಂಡು ಹೋಗಿದ್ದೆ, ಪೆಟ್ಟಾದ ಜಾಗಕ್ಕೆ. ಪಾಪ, ಅವನೂ ಸರಿಯಾಗಿ ಊಟ ಮಾಡ್ತಾ ಇಲ್ಲ. ಆ ದಿನ ನಿಂತ ಹಾಗೆಯೇ ನಿಲ್ಲಿಸ್ಲಿಕ್ಕೆ ಹೇಳಿದೆ. ಬೈಕಿನ ಎಡಬದಿಯಲ್ಲಿ, ರಿಕ್ಷಾದ ಮುಂದೆ, ಏಳು ಅಡಿ ಟಾರು ಖಾಲಿ ಇತ್ತು ಮಗಾ. ಒಂದು ಬೈಕು ಹೋಗ್ಲಿಕ್ಕೆ ಧಾರಾಳ ಜಾಗ."

ನಾನು ಅಲ್ಲೇ ಜಗಲಿಯಲ್ಲಿ ಕೂತುಬಿಟ್ಟೆ. ವರ್ಷವಿಡೀ ಊರಿನವರು, ನೆಂಟರು, ದೇವಸ್ಥಾನದವರು, ಎಲ್ಲರೂ ನನಗೆ ಸಮಾಧಾನ ಹೇಳಿದ್ದರು. ಏನಿದ್ದರೂ ಉಳಿಯುತ್ತಿರಲಿಲ್ಲ ಎಂದಿದ್ದರು. ಹಾಗೆ ಹೇಳಿದ್ದರೆ ಎಲ್ಲರಿಗಿಂತ ಹೆಚ್ಚು ಹಗುರವಾಗುತ್ತಿದ್ದವರು ಮಾಸ್ಟ್ರು. ಅವರೊಬ್ಬರೇ ಹಾಗೆ ಹೇಳಲಿಲ್ಲ. ನನ್ನ ಗಂಡನಿಗೆ ಹೋಗಲು ದಾರಿಯಿತ್ತು ಎಂದು ಅಳೆದು ತಂದು ನನ್ನ ಎದುರಿಗಿಟ್ಟರು. ಆ ದಿನ ನಾನು ಮೊದಲ ಸಲ ಗಟ್ಟಿಯಾಗಿ ಅತ್ತೆ.

ಹೊರಡುವಾಗ ಹೇಳಿದೆ, "ಇನ್ನು ಬೀಳ್ಬೇಡಿ ಸರ್. ಸಾಕು."

"ಆಯ್ತು" ಎಂದರು. ಮತ್ತೆ ಆ ಕೋರೆ ರಸ್ತೆಗೆ ಅವರು ಹೋದದ್ದು ಒಂದೇ ಕೆಲಸಕ್ಕೆ, ನನಗೆ ಕಲಿಸಲು.

ಕಡಬಕ್ಕೆ ಎರಡು ಬಸ್ಸು ಬದಲಿಸಿ ಹೋಗಿಬರುವುದರಲ್ಲಿ ನನ್ನ ದಿನ ಕರಗುತ್ತಿತ್ತು. ಮನೆಗೆ ಬರುವಾಗ ಮಗಳು ನಿದ್ದೆಗೆ ಬಿದ್ದಿರುತ್ತಿದ್ದಳು. ಸ್ಕೂಟರು ತೆಗೆದುಕೊಳ್ಳುತ್ತೇನೆ ಎಂದಾಗ ಮಾಸ್ಟ್ರು ಈ ಸಲ "ನೋಡಿ ಹೇಳ್ತೇನೆ" ಎಂದರು. ಮೂರು ವಾರ ನೋಡಿದರು. ಪುತ್ತೂರಿನ ಶೋರೂಮುಗಳಿಗೆಲ್ಲ ಹೋಗಿ ಬಂದರು. ಕೊನೆಗೆ, "ನಮ್ಮ ಗುಂಡಿ ಬಿದ್ದ ಮಾರ್ಗಕ್ಕೆ ದೊಡ್ಡ ಚಕ್ರ ಒಳ್ಳೆದು. ನಿಂಗೆ ಸರಿಹೊಂದುವ ಸ್ಕೂಟರಿನಲ್ಲಿ ಎಬಿಎಸ್ ಇಲ್ಲ. ಬೈಕೇ ತಗೋ. ಹೆಂಗಸರು ಓಡಿಸ್ಬಾರ್ದು ಅಂತ ಭೌತಶಾಸ್ತ್ರದಲ್ಲಿ ಎಲ್ಲಿಯೂ ಇಲ್ಲ" ಎಂದರು.

ಮೂವತ್ತನಾಲ್ಕನೆಯ ವಯಸ್ಸಿನಲ್ಲಿ ನಾನು ಬೈಕು ಕಲಿತೆ. ಗೇರು, ಕ್ಲಚ್ಚು ಬಂದ ಮೇಲೆ ಅವರು ಬ್ರೇಕಿನ ಪಾಠ ಶುರು ಮಾಡಿದರು. ಅವರ ಹೆಂಡತಿ ಮತ್ತೆ ಕೊಡಪಾನದಲ್ಲಿ ನೀರು ತಂದು ಹೊಯ್ದರು. "ಇದ್ದ ಶಕ್ತಿಯೆಲ್ಲ ಹಾಕಿ ಹಿಡಿ. ಕೈಗೂ ಕಾಲಿಗೂ ಯಾರೋ ಒಳಗಿನಿಂದ ಗುದ್ದಿದ ಹಾಗೆ ಆಗ್ತದೆ. ಹೆದರಿ ಬಿಡ್ಬೇಡ. ಅದು ಅದರ ಕೆಲಸ ಮಾಡ್ತಾ ಇರುದು. ನಿನ್ನ ಕೆಲಸ, ಹಿಡ್ಕೊಂಡೇ ಎಡಕ್ಕೆ ನೋಡುದು." ಮೊದಲ ಸಲ ಆ ಗುದ್ದು ಬೆರಳಿಗೆ ತಾಗಿದಾಗ ನಾನು ಬ್ರೇಕು ಬಿಟ್ಟುಬಿಟ್ಟೆ. ಮತ್ತೆ ಮಾಡಿಸಿದರು. ಮತ್ತೆ. ಹತ್ತನೆಯದೋ ಹನ್ನೊಂದನೆಯದೋ ಸಲ ನಾನು ಬಿಡಲಿಲ್ಲ. ಬೈಕು ನಡುಗುತ್ತಾ, ನೆಟ್ಟಗೆ, ಎಡಕ್ಕೆ ಸರಿದು ನಿಂತಿತು. ಇಷ್ಟೇ ಆಗಿತ್ತಲ್ಲ ಆ ದಿನ ನನ್ನ ಗಂಡನಿಗೆ ಬೇಕಿದ್ದದ್ದು ಎಂದು ಅನ್ನಿಸಿ ಎಂಜಿನ್ ಆರಿಸಿ ಅಲ್ಲೇ ಕೂತೆ. ಮಾಸ್ಟ್ರು ದೂರದಲ್ಲಿ ನಿಂತಿದ್ದರು. ಅವರಿಗೂ ಅದೇ ಅನ್ನಿಸಿರಬೇಕು, ಹತ್ತಿರ ಬರಲಿಲ್ಲ. ಅವರ ಹೆಂಡತಿ ಬಂದು ನನ್ನ ಹೆಲ್ಮೆಟ್ ತೆಗೆದು ಮುಖ ಒರೆಸಿದರು.

ಆಮೇಲಿನ ವರ್ಷಗಳಲ್ಲಿ ಅವರಿಗೆ ಊರಿನಲ್ಲಿ ಎಬಿಎಸ್ ಮಾಸ್ಟ್ರು ಎಂದೇ ಹೆಸರು ಬಿತ್ತು. ಯಾರಾದರೂ ಬೈಕು ತೆಗೆದುಕೊಳ್ಳುತ್ತಾರೆಂದು ಸುದ್ದಿ ಸಿಕ್ಕಿದರೆ ಕರೆಯದಿದ್ದರೂ ಹೋಗುತ್ತಿದ್ದರು. ನೆಲ್ಯಾಡಿ ಹತ್ತಿರ ರಬ್ಬರ್ ತೋಟದ ಒಬ್ಬರು ಮಲಯಾಳದಲ್ಲಿ ಬೈದು ಕಳಿಸಿದರು, ಮಾರನೆಯ ವಾರ ಮಾಸ್ಟ್ರು ಮತ್ತೆ ಹೋದರು. ದೊಡ್ಡ ಬೈಕುಗಳಿಗೆ ಎಬಿಎಸ್ ಕಡ್ಡಾಯವಾದಾಗ ಸಂತೋಷವಾಯಿತೇ ಎಂದು ಕೇಳಿದೆ. "ಸಣ್ಣ ಬೈಕಿಗೆ ಇಲ್ಲವಲ್ಲ. ಕೂಲಿಗೆ ಹೋಗುವವರ ಕೈಯಲ್ಲಿರುದು ಸಣ್ಣದೇ" ಎಂದರು. ತಾವು ಮಾತ್ರ ಮತ್ತೆಂದೂ ಬೈಕು ಓಡಿಸಲಿಲ್ಲ.

ಕಳೆದ ವರ್ಷ ಅವರಿಗೆ ಹೊಟ್ಟೆಯ ಕ್ಯಾನ್ಸರ್ ಎಂದು ಗೊತ್ತಾಯಿತು. ನಾನು ಪ್ರತಿ ಶನಿವಾರ ಶಾಲೆ ಬಿಟ್ಟ ಮೇಲೆ ಹೋಗುತ್ತಿದ್ದೆ. ಒಂದು ಶನಿವಾರ, ಅವರ ಹೆಂಡತಿ ಹಿತ್ತಿಲಲ್ಲಿದ್ದಾಗ, ಮಂಚದ ಹತ್ತಿರ ಕುರ್ಚಿ ಎಳೆದುಕೊಂಡು ಹೇಳಿದೆ.

"ಸರ್, ನಿಮ್ಮ ಹತ್ರ ಕೇಳುವ ಎರಡು ದಿನ ಮೊದಲೇ ಅವ್ರು ಬೈಕು ಬುಕ್ ಮಾಡಿದ್ರು. ಎಬಿಎಸ್ ಇಲ್ಲದ್ದೇ. ನಂಗೆ ಗೊತ್ತಿತ್ತು. ಇಷ್ಟು ವರ್ಷ ಹೇಳ್ಲಿಲ್ಲ."

ಅವರು ಕಣ್ಣು ಮುಚ್ಚಿಕೊಂಡೇ ಇದ್ದರು. ನಿದ್ದೆ ಬಂತೇನೋ ಎಂದುಕೊಂಡೆ.

"ನಾನು ಬೇಕು ಅಂತ ಹೇಳಿದ್ರೆ ಅವನು ಬದಲಾಯಿಸ್ತಿದ್ದ."

ಅದು ನಿಜ. ಇವರು ಮಾಸ್ಟ್ರ ಮಾತು ಮೀರಿದವರಲ್ಲ. ಕೇಳಿದ ಮಾರನೆಯ ದಿನವೇ ಪುತ್ತೂರಿಗೆ ಹೋಗಿ ಬದಲಾಯಿಸಿ ಬರುತ್ತಿದ್ದರು. ಅವರ ಭಾರ ಇಳಿಸಲು ಹೋದ ನನಗೆ ಅವರು ಅದನ್ನು ಮುಟ್ಟಲೂ ಬಿಡಲಿಲ್ಲ.

ಆಮೇಲೆ ಕಣ್ಣು ತೆರೆದು ನನ್ನನ್ನು ನೋಡಿದರು. "ಇದನ್ನು ಇಷ್ಟು ವರ್ಷ ಒಬ್ಬಳೇ ಇಟ್ಕೊಂಡಿದ್ದಿಯಾ? ನಂಗೆ ಗೊತ್ತಾಗ್ಲಿಲ್ಲ ಮಗಾ."

ಅದಾಗಿ ಹದಿನೆಂಟು ದಿನಕ್ಕೆ ಅವರು ತೀರಿಕೊಂಡರು. ಬೆಳಗ್ಗೆ ಹಲ್ಲುಜ್ಜಿ, ಗಂಜಿಯ ತಿಳಿ ಎರಡು ಚಮಚ ಕುಡಿದು, ಹೆಂಡತಿಯ ಕೈ ಹಿಡಿದುಕೊಂಡೇ ಹೋದರು.

ಹದಿಮೂರನೆಯ ದಿನದ ಊಟಕ್ಕೆ ಹಳೆಯ ಶಿಷ್ಯರು ತುಂಬ ಮಂದಿ ಬಂದಿದ್ದರು. ಎಲ್ಲ ಹೋದ ಮೇಲೆ ನಾನು ಪಾತ್ರೆ ತೊಳೆಯಲು ನಿಂತೆ. ಮಾಸ್ಟ್ರ ಹೆಂಡತಿ ಹಿಂದಿನ ಬಾಗಿಲಿನ ಮೆಟ್ಟಿಲಲ್ಲಿ ಕೂತಿದ್ದರು.

"ಒಂದು ಶನಿವಾರ ನೀನು ಬಂದು ಹೋದ ಮೇಲೆ ಅವ್ರು ಅತ್ರು. ಅವಳು ಹೇಳಿದ್ಳು, ಅಂತ ಮಾತ್ರ ಹೇಳಿದ್ರು. ಎಂತ ಹೇಳಿದ್ದು ನೀನು?"

ಕೈ ಒರೆಸಿಕೊಂಡು ಅವರ ಪಕ್ಕ ಕೂತು ಎಲ್ಲ ಹೇಳಿದೆ. ಬುಕ್ ಮಾಡಿದ್ದು, ನನ್ನ ಹಟಕ್ಕೆ ಕೇಳಿದ್ದು, ಅಂಗಳದಲ್ಲಿ ನಾನು ಬಾಯಿ ಮುಚ್ಚಿಕೊಂಡದ್ದು. ನಾಲ್ಕು ಸಲ ಗಂಡ ಬಿದ್ದದ್ದನ್ನು ಕಣ್ಣಾರೆ ನೋಡಿದವರು, ಆ ರಸ್ತೆಗೆ ನೀರು ಹೊತ್ತವರು ಅವರು.

"ಮೊದಲೇ ಹೇಳ್ಬೇಕಿತ್ತು ನೀನು" ಎಂದರು.

"ಹೌದಮ್ಮ" ಎಂದೆ.

ಅವರು ಬಾಗಿಲ ದಾರಂದ ಹಿಡಿದು ಎದ್ದು, ಒಳಗೆ ಹೋಗಿ, ಬೆಳಗ್ಗಿನಿಂದ ಏನೂ ತಿನ್ನದ ನನಗೆ ಎಲೆ ಹಾಕಿದರು.